ಮರಿಗಳ ಪಥ್ಯ

ಮುನಿಯಣ್ಣ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದ ವಾರದಲ್ಲೇ ಹಿತ್ತಲಿನ ಹತ್ತು ಹಂದಿಮರಿಗಳಿಗೆ ತಾಯಿಹಾಲು ಬಿಡಿಸಿದ್ದರಿಂದ, ಕೆಂಗೇರಿ ಹಳೇ ಊರಿನ ಆ ಮನೆಯಲ್ಲಿ ಪಥ್ಯದ ಬಾಯಿಗಳು ಒಟ್ಟು ಹನ್ನೊಂದಾದವು. ಮನುಷ್ಯರ ಡಾಕ್ಟರು, ದನದ ಡಾಕ್ಟರು ಇಬ್ಬರೂ ಮಾತಾಡಿಕೊಂಡವರ ಹಾಗೆ ಒಂದೇ ಮಾತು ಹೇಳಿದ್ದರು. ಎಣ್ಣೆ, ಜಿಡ್ಡು ಬೇಡ. ನುಚ್ಚಕ್ಕಿಯನ್ನು ಮೆತ್ತಗೆ ಬೇಯಿಸಿ ಗಂಜಿ ಮಾಡಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕು ಸಲ ಕೊಡಿ. ಈ ಮಾತನ್ನು ಕಿವಿಗೊಟ್ಟು ಕೇಳಿದವಳು ಸೊಸೆ ವರಲಕ್ಷ್ಮಿ. ಕೇಳಿ ಮುಖ ಸಿಂಡರಿಸಿದವಳು ಅತ್ತೆ ಚಿಕ್ಕಗಂಗಮ್ಮ.

ಚಿಕ್ಕಗಂಗಮ್ಮನಿಗೆ ಪಥ್ಯ ಅನ್ನುವುದೇ ಆಗಿಬರುತ್ತಿರಲಿಲ್ಲ. ಅವಳ ಪ್ರಕಾರ ಊಟ ಅಂದರೆ ಸಾರಿನ ಮೇಲೆ ಎಣ್ಣೆ ತೇಲಬೇಕು, ಮುದ್ದೆ ಮುರಿದರೆ ಹಬೆ ಬರಬೇಕು, ಉಂಡವನು ಎದ್ದು ಸೊಂಟದ ಪಂಚೆ ಸಡಿಲಿಸಿಕೊಳ್ಳಬೇಕು. ಯಾರಾದರೂ ‘ಸಾಕು’ ಅಂದರೆ ಅದನ್ನು ಅವಳು ಯಾವತ್ತೂ ನಂಬಿದವಳಲ್ಲ. ಇಂಥವಳ ಕೈಯಿಂದ ಸೌಟು ಕಿತ್ತುಕೊಂಡರೆ ಅವಳು ಇಡೀ ದಿನ ಮಾಡಬೇಕಾದದ್ದಾದರೂ ಏನು?

ಮೊದಲನೇ ಜಗಳ ತಪ್ಪಲೆಯದು. ಅವತ್ತು ಬೆಳಿಗ್ಗೆ ಗ್ಯಾಸ್ ಒಲೆಯ ಮೇಲೆ ಮನೆಯ ದೊಡ್ಡ ತಪ್ಪಲೆ ಕೊತಕೊತ ಕುದಿಯುತ್ತಿತ್ತು.

“ಇದೇನೇ ಇದು?”

“ನುಚ್ಚಿನ ಗಂಜಿ ಅತ್ತೆ. ಮಾವನಿಗೆ ಎರಡು ಲೋಟ ಮೊದಲೇ ತೆಗೆದಿಟ್ಟೆ. ಮಿಕ್ಕಿದ್ದು ಮರಿಗಳಿಗೆ.”

“ಒಂದೇ ತಪ್ಪಲೇಲಾ?”

“ಹೊರಗಡೆ ಒಲೆ ನೆಂದಿದೆಯಲ್ಲ. ಎರಡು ಸಲ ಯಾಕೆ ಗ್ಯಾಸ್ ಉರಿಸೋದು ಅಂತ...”

“ನನ್ನ ಗಂಡನ್ನೂ ಹಂದೀನೂ ಒಂದೇ ಪಂಕ್ತೀಲಿ ಕೂರ್ಸಿಬಿಟ್ಯಲ್ಲೇ ತಾಯಿ!”

ನಡುಮನೆಯ ಮಂಚದಿಂದ ಮುನಿಯಣ್ಣನ ಧ್ವನಿ ಬಂತು. “ಚೆನ್ನಾಗೈತೆ ಕಣೇ. ಉಪ್ಪು ಒಂಚೂರು ಕಮ್ಮಿ.”

“ಉಪ್ಪು ಆಮೇಲೆ ಹಾಕ್ಕೊಡ್ತೀನಿ ಮಾವ. ಮರಿಗಳಿಗೆ ಜಾಸ್ತಿ ಆಗಬಾರದು.”

“ಓಹೋ, ಅವಕ್ಕೆ ಆಗ್ಬಾರ್ದು ಅಂದ್ರೆ ನನಗೂ ಬ್ಯಾಡ ಬಿಡು,” ಅಂದು ಮುನಿಯಣ್ಣ ಲೋಟ ಬರಿದು ಮಾಡಿದ. ಆಟೋ ತೆಗೆಯಲು ಖಾಕಿ ಅಂಗಿ ತೊಟ್ಟು ನಿಂತಿದ್ದ ಮಗ ಮಹೇಶ ನಗು ತಡೆಯಲಾರದೆ ಹೊರಗೆ ಹೋದ. ನಗದವಳು ಚಿಕ್ಕಗಂಗಮ್ಮ ಒಬ್ಬಳೇ.

ಆ ಮರಿಗಳನ್ನು ವರಲಕ್ಷ್ಮಿ ಕೇಳಿ ಪಡೆದುಕೊಂಡಿದ್ದಳು. ಮದುವೆಯಾಗಿ ಬಂದಾಗಿನಿಂದ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ಅವಳು. ಫ್ಯಾಕ್ಟರಿ ಬಿಡದಿಯ ಆಚೆಗೆ ಹೋಯಿತು. ಬಂದವರನ್ನು ಬಂದಹಾಗೆ ಸೇರಿಸಿಕೊಳ್ಳುತ್ತೇವೆ ಅಂತ ಸೂಪರ್‌ವೈಸರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಹೋದರೆ ಕತ್ತಲಿರುವಾಗಲೇ ಮನೆ ಬಿಡಬೇಕು, ಕತ್ತಲಾದ ಮೇಲೆ ಬರಬೇಕು. “ಈ ಸೂಲಿನ ಮರಿಗಳನ್ನ ನನಗೆ ಬಿಡಿ ಮಾವ. ಇವು ಕೈಗೆ ಹತ್ತಿದ್ರೆ ಮನೇಲೇ ಇದನ್ನೇ ನೋಡ್ಕೋತೀನಿ. ಹತ್ತಲಿಲ್ಲ ಅಂದ್ರೆ ಬಿಡದಿಗೆ ಹೋಗ್ತೀನಿ,” ಅಂದಿದ್ದಳು. ಮುನಿಯಣ್ಣ ಒಪ್ಪಿದ. ಮಹೇಶನೂ ಹೂಂ ಅಂದ.

ಚಿಕ್ಕಗಂಗಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನಾದರೊಂದು ಕೊಂಕು ತೆಗೆಯುತ್ತಿದ್ದಳು. ಆದರೆ ಒಳಗಿನ ಮಾತೇ ಬೇರೆ. ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ದಿನಗಳಲ್ಲಿ ಈ ಮನೆಯಲ್ಲಿ ಅವಳು ಉಂಡು ಮಲಗುವ ನೆಂಟಳಾಗಿದ್ದಳು, ಅಷ್ಟೆ. ಮನೆಯಲ್ಲಿ ಉಳಿದ ಮೇಲೆ ಸೊಪ್ಪು ಸೋಸುವಾಗ ಒಂದು ಜಗಳ, ಬಟ್ಟೆ ಹಿಂಡುವಾಗ ಒಂದು ನಗು, ಸಂಜೆ ಟೀ ಕುಡಿಯುತ್ತಾ ಬೀದಿಯವರ ಸುದ್ದಿ. ಮನೆಗೆ ಜೀವ ಬಂದಿತ್ತು. ಇವಳು ಮತ್ತೆ ಬಿಡದಿ ಬಸ್ಸು ಹತ್ತಿಬಿಟ್ಟರೆ ಅನ್ನುವ ದಿಗಿಲು ಚಿಕ್ಕಗಂಗಮ್ಮನಿಗೆ ಇದ್ದೇ ಇತ್ತು. ಬಾಯಿ ಬಿಟ್ಟು ಹೇಳುವಷ್ಟು ಸೋಲುವುದನ್ನು ಮಾತ್ರ ಅವಳು ಇನ್ನೂ ಕಲಿತಿರಲಿಲ್ಲ.

ಮುನಿಯಣ್ಣನ ಕಾಲದಲ್ಲಿ ಮರಿಗಳಿಗೆ ಅಂತ ಪ್ರತ್ಯೇಕ ಅಡುಗೆ ಇರಲಿಲ್ಲ. ತಾಯಿ ಒದ್ದು ಓಡಿಸುವ ತನಕ ಹಾಲು, ಆಮೇಲೆ ದೊಡ್ಡ ಹಂದಿಗಳ ಜೊತೆ ಛತ್ರದ ಮುಸುರೆ. ಅರ್ಧ ಉಳಿಯುತ್ತಿದ್ದವು, ಅರ್ಧ ಭೇದಿ ಹತ್ತಿ ಹೋಗುತ್ತಿದ್ದವು. ಅದು ಹಾಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ದನದ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ಪಂಚಾಕ್ಷರಿ ಡಾಕ್ಟರು ಹಾಗಲ್ಲ ಅಂತ ವರಲಕ್ಷ್ಮಿಗೆ ಬಿಡಿಸಿ ಹೇಳಿದ್ದರು. ಹಾಲು ಬಿಟ್ಟ ಮರಿ ಮೈಕಾವಿಗೇ ಒದ್ದಾಡುತ್ತದೆ, ಅದಕ್ಕೆ ಶಕ್ತಿ ಬೇಕು. ಆದರೆ ಹೊಟ್ಟೆ ಇನ್ನೂ ಹಾಲಿನ ಹೊಟ್ಟೆ. ಬೇಯಿಸಿದ ಅಕ್ಕಿ ಅರಗುತ್ತದೆ, ಹಾಲಿನ ಸಿಹಿ ಅರಗುತ್ತದೆ. ತೌಡು, ಹಸಿ ಜೋಳ, ಮುಸುರೆ ಇವೆಲ್ಲ ಆಮೇಲೆ.

ಹಾಲಿನ ಸಿಹಿಗೆ ಹಾಲೇ ಕೊಡುವಷ್ಟು ಯಾರಿಗೂ ಅನುಕೂಲವಿರಲಿಲ್ಲ. ಗೋವಿಂದರಾಜನಗರದ ಒಂದು ಸ್ವೀಟ್ ಅಂಗಡಿಯ ಹಿಂದೆ ಹಾಲು ಒಡೆಸಿ ಪನೀರ್ ಮಾಡುತ್ತಾರೆ, ಹಿಂಡಿದ ನೀರನ್ನು ಚರಂಡಿಗೆ ಬಿಡುತ್ತಾರೆ ಅಂತ ಮಹೇಶ ಪತ್ತೆಹಚ್ಚಿ ಬಂದ. ಹಾಲಿನ ಸಿಹಿಯೆಲ್ಲ ಆ ನೀರಿನಲ್ಲೇ ಇರುತ್ತದೆ ಅಂದರು ಡಾಕ್ಟರು. ಅವತ್ತಿನಿಂದ ವರಲಕ್ಷ್ಮಿ ದಿನಾ ಬೆಳಿಗ್ಗೆ ಗಂಡನ ಆಟೋದಲ್ಲಿ ಹೋಗಿ, ಎರಡು ಕ್ಯಾನು ತುಂಬಿಸಿಕೊಂಡು ಬಸ್ಸಿನಲ್ಲಿ ಬರತೊಡಗಿದಳು.

ಸೊಸೆ ಹೋಗಿಬರುವ ಅಷ್ಟು ಹೊತ್ತು ಚಿಕ್ಕಗಂಗಮ್ಮ ಮರಿಗಳ ಕೂಗು ಕೇಳಬೇಕಿತ್ತು. ಗೋಡೆಯ ಆಚೆಯ ಗೂಡಿನಲ್ಲಿ ತಾಯಿ ಗುಟುರು ಹಾಕುವುದು, ಈಚೆ ಹತ್ತೂ ಮರಿ ಒಟ್ಟಿಗೆ ಕಿರುಚುವುದು. ಬೆಳಗಿನ ಗಂಜಿಯನ್ನು ಬಾನಿಗೆ ಸುರಿದರೆ ಮೂಸಿ ನೋಡಿ ಅದರಲ್ಲೇ ಕಾಲಿಟ್ಟು ನಿಲ್ಲುತ್ತಿದ್ದವು. ಹೊಟ್ಟೆ ಒಳಕ್ಕೆ ಹೋಗಿ, ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು.

“ನೀರಂಗೈತಲ್ಲ ಈ ಗಂಜಿ. ಇದರಲ್ಲಿ ಏನೈತೆ ಅಂತ ತಿಂದಾವು?” ಅಂತ ಅವಳು ಗಂಡನನ್ನು ಕೇಳಿದಳು.

“ನಾನು ತಿಂತಾ ಇಲ್ವಾ?”

“ನೀನೂ ಹಂಗೇ ಆಗಿದೀಯ, ಕನ್ನಡೀಲಿ ನೋಡ್ಕೋ.”

ತಾಯಿಹಂದಿಯ ಹಾಲನ್ನು ಚಿಕ್ಕಗಂಗಮ್ಮ ಬೆರಳಿಗೆ ಹಚ್ಚಿ ನೋಡಿದವಳು. ಕೆನೆಗಿಂತ ಗಟ್ಟಿ, ಬೆರಳು ಉಜ್ಜಿದರೆ ಬೆಣ್ಣೆಯ ಜಾರು. ಅಷ್ಟು ಜಿಡ್ಡು ಕುಡಿದು ಬೆಳೆದ ಕೂಸುಗಳಿಗೆ ಒಮ್ಮೆಲೇ ಬರೀ ಅಕ್ಕಿ ನೀರು ಕೊಟ್ಟರೆ ಅವು ತಾಳುವುದು ಹೇಗೆ ಅಂತ ಅವಳ ಲೆಕ್ಕ. ತಪ್ಪು ಲೆಕ್ಕ ಅಂತ ನಾವೀಗ ಹೇಳಬಹುದು. ಅವತ್ತು ಕೊಟ್ಟಿಗೆಯಲ್ಲಿ ನಿಂತು ಆ ಕೂಗು ಕೇಳಿದ್ದರೆ ನಮಗೂ ಅದು ಸರಿ ಅಂತಲೇ ಅನ್ನಿಸುತ್ತಿತ್ತೇನೋ.

ರಾಜರಾಜೇಶ್ವರಿನಗರದ ಛತ್ರದಿಂದ ಅಡುಗೆ ಪದ್ಮನಾಭ ದೊಡ್ಡ ಹಂದಿಗಳಿಗೆ ಅಂತ ಮುಸುರೆ ಕಳಿಸುವುದು ಮೊದಲಿನಿಂದಲೂ ಇತ್ತು. ಆ ವಾರ ಅಲ್ಲಿ ಸಾಲು ಮದುವೆ. ಒಬ್ಬಟ್ಟು ಬೇಯಿಸಿ ಮಿಕ್ಕ ಡಾಲ್ಡಾ, ತುಪ್ಪ ಎಲ್ಲ ಸೇರಿ ಹೆಪ್ಪುಗಟ್ಟಿದ ಒಂದು ಡಬ್ಬವೂ ಬಂತು. ಚಿಕ್ಕಗಂಗಮ್ಮ ಅದನ್ನು ಎತ್ತಿ ಒರಳುಕಲ್ಲಿನ ಹಿಂದೆ ಇಟ್ಟಳು. ಮಾರನೇ ಬೆಳಿಗ್ಗೆ ಸೊಸೆಯ ಆಟೋ ಗಲ್ಲಿ ತಿರುಗಿದ್ದೇ ತಡ, ಒಂದು ಸೌಟು ಜಿಡ್ಡು ಕರಗಿಸಿ ಗಂಜಿಗೆ ಸುರಿದಳು. ಮರಿಗಳು ಮೂಸಿದವು, ನೆಕ್ಕಿದವು, ಮೇಲೆ ಬಿದ್ದು ತಿಂದವು. ಬಾನಿ ತಳ ಕಂಡಿತು. ಕಿರುಚಾಟ ನಿಂತಿತು.

“ತಿನ್ನಿ ನನ್ನಪ್ಪಂದಿರಾ, ತಿನ್ನಿ,” ಅಂದಳು. ಎಷ್ಟೋ ದಿನದ ಮೇಲೆ ಅವಳ ಕೈಯಡುಗೆ ಯಾರೋ ಬಡಿದಾಡಿ ತಿಂದಿದ್ದರು. ಅವಳಿಗೆ ಕಣ್ಣಲ್ಲಿ ನೀರೇ ಬಂತು.

ಕ್ಯಾನು ಹೊತ್ತು ಬಂದ ವರಲಕ್ಷ್ಮಿ ಖಾಲಿ ಬಾನಿ ನೋಡಿ ಕುಣಿದಾಡಿದಳು. “ಅತ್ತೆ, ತಿಂದಿದಾವೆ! ಪೂರ್ತಿ ತಿಂದಿದಾವೆ!”

“ತಿಂದ್ವಪ್ಪ. ನೀನಿದ್ರೆ ನಾಚ್ಕೆ ಏನೋ,” ಅಂದಳು ಚಿಕ್ಕಗಂಗಮ್ಮ.

ಹೀಗೇ ಕೆಲವು ದಿನ ನಡೆಯಿತು. ಒಂದು ಸೌಟು ಎರಡಾಯಿತು. ಆಮೇಲೆ ಒಂದು ಮಧ್ಯಾಹ್ನ ಮೂಲೆಯಲ್ಲಿ ಮುದುರಿ ಮಲಗಿದ್ದ ಸಣ್ಣ ಮರಿಯೊಂದು ಎಬ್ಬಿಸಿದರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಹತ್ತರಲ್ಲಿ ಏಳಕ್ಕೆ ಭೇದಿ. ನೆಲವೆಲ್ಲ ಹಳದಿ ಹಳದಿ, ಕಾಲಿಟ್ಟರೆ ಜಾರುವಷ್ಟು ಜಿಡ್ಡು.

ಪಂಚಾಕ್ಷರಿ ಡಾಕ್ಟರು ಪ್ಯಾಂಟು ಮಡಚಿಕೊಂಡು ಕೊಟ್ಟಿಗೆಗೆ ಇಳಿದರು. “ಏನೇನು ಕೊಡ್ತಾ ಇದ್ದೆಯಮ್ಮ?”

“ನೀವು ಹೇಳಿದ್ದೇ ಸಾರ್. ನುಚ್ಚಿನ ಗಂಜಿ, ಪನೀರ್ ನೀರು.”

“ಎಣ್ಣೆಗಿಣ್ಣೆ?”

“ಒಂದು ಚಮಚಾನೂ ಇಲ್ಲ ಸಾರ್. ನನ್ನಾಣೆ.”

“ಜಿಡ್ಡು ತಿಂದ ಹಾಗೇ ಕಾಣ್ತದೆ, ಅದಕ್ಕೆ ಕೇಳಿದೆ. ಹಾಲೊಳಗಿನ ಜಿಡ್ಡು ಬೇರೆ, ಬಾಣಲೆ ಜಿಡ್ಡು ಬೇರೆ. ತಾಯಿ ಬಿಟ್ಟ ಹೊಸದರಲ್ಲಿ ಅದು ಅರಗಲ್ಲ.” ಡಾಕ್ಟರು ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. “ಹಾಗಾದ್ರೆ ಈ ನೀರೇ ದಾರೀಲಿ ಹುಳಿಯಾಗ್ತಿರಬೇಕು.”

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಗಂಗಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಹೇಳಬೇಕು ಅಂತ ಬಾಯಿ ತೆರೆದಳು. “ಸಕ್ಕರೆ ಸಾಕಾ ಡಾಕ್ಟ್ರೇ?” ಅನ್ನುವುದಷ್ಟೇ ಹೊರಬಂತು.

ಸಣ್ಣ ಮರಿ ಮಾರನೇ ದಿನ ಸತ್ತಿತು. ವರಲಕ್ಷ್ಮಿ ನುಗ್ಗೆಮರದ ಬುಡದಲ್ಲಿ ತಾನೇ ಗುಂಡಿ ತೋಡಿದಳು, ಮಹೇಶ ಹಾರೆ ಕೇಳಿದರೂ ಕೊಡಲಿಲ್ಲ. ಆಮೇಲೆ ಬೆಳಿಗ್ಗೆ ತಂದ ಎರಡು ಕ್ಯಾನು ಪನೀರ್ ನೀರನ್ನೂ ಬಚ್ಚಲಿಗೆ ಸುರಿದಳು. ಒಳ್ಳೆಯ ನೀರು. ಹುಳಿ ಇರಲಿಲ್ಲ, ಏನೂ ಇರಲಿಲ್ಲ.

“ಬಿಸಿಲಲ್ಲಿ ಬಸ್ಸು ಕಾಯ್ತಾ ನಿಂತ್ಕೋತೀನಲ್ಲ, ಅದೇ ತಪ್ಪಾಗಿರೋದು. ನನ್ನ ಕೈಲಿ ಇದು ಆಗಲ್ಲ ರೀ. ಮಿಕ್ಕಿದ್ದನ್ನ ಯಾರಿಗಾದ್ರೂ ಕೊಟ್ಬಿಡಿ,” ಅಂದಳು ಗಂಡನಿಗೆ.

“ದುಡುಕ್ಬೇಡ ಕಣೇ. ಇನ್ನೂ ಒಂಬತ್ತಿವೆ.”

“ಒಂಬತ್ತನ್ನೂ ಸಾಯಿಸ್ಲಾ?”

ವರಲಕ್ಷ್ಮಿ ಅಲ್ಲೇ ನಿಂತು ಸೂಪರ್‌ವೈಸರನಿಗೆ ಫೋನು ಮಾಡಿ, ಸೋಮವಾರ ಬರುತ್ತೇನೆ ಅಂದಳು.

ಮಧ್ಯಾಹ್ನ ಮುನಿಯಣ್ಣ ಹೆಂಡತಿಯನ್ನು ಮಂಚದ ಹತ್ತಿರ ಕರೆದ. “ಆ ಒರಳು ಹಿಂದೆ ಇರೋ ಡಬ್ಬ ಏನು?”

ಚಿಕ್ಕಗಂಗಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು.

“ನಾನು ಮಲಗಿದೀನಿ ಅಂತ ಕಣ್ಣು ಹೋಗಿಲ್ಲ ನಂಗೆ. ಕಿಟಕೀಲಿ ಎಲ್ಲ ಕಾಣ್ತದೆ. ಸ್ವಲ್ಪ ತುಪ್ಪ ಹಾಕ್ತಾಳೆ, ಒಳ್ಳೇದಾಗ್ಲಿ ಅಂತ ನಾನೂ ಸುಮ್ನಿದ್ದೆ. ಈಗ ಸುಮ್ನಿರಕ್ಕಾಗಲ್ಲ.”

“ಹೇಳಿದ್ರೆ ಅವಳು ನನ್ನ ಮುಖ ನೋಡ್ತಾಳಾ?”

“ಹೇಳದಿದ್ರೆ ನೀನು ಅವಳ ಮುಖ ನೋಡಕ್ಕೆ ಬಿಡದಿಗೆ ಹೋಗ್ಬೇಕಾಯ್ತದೆ,” ಅಂದ ಮುನಿಯಣ್ಣ. “ಮರಿ ಹೋದ್ರೆ ಇನ್ನೊಂದು ಸೂಲು ಬತ್ತದೆ. ಆ ಹುಡುಗಿ ತನ್ನ ಕೈಯೇ ಸರಿಯಿಲ್ಲ ಅಂದ್ಕೊಂಡು ಹೋಗ್ತಾವ್ಳೆ. ಅದು ಆಗ್ಬಾರ್ದು.”

ವರಲಕ್ಷ್ಮಿ ಹಿತ್ತಲಲ್ಲಿ ಗಾರ್ಮೆಂಟ್ಸಿನ ಊಟದ ಡಬ್ಬಿ ತೊಳೆಯುತ್ತಿದ್ದಳು. ಚಿಕ್ಕಗಂಗಮ್ಮ ಡಾಲ್ಡಾ ಡಬ್ಬ ತಂದು ಅವಳ ಮುಂದೆ ಇಟ್ಟಳು. ಅರ್ಧ ಖಾಲಿಯಾಗಿತ್ತು.

“ಇದನ್ನ ಹಾಕ್ದೆ ಕಣವ್ವ. ದಿನಾ ಹಾಕ್ದೆ. ನೀನು ನೀರು ತರಕ್ಕೆ ಹೋದಾಗ.”

ವರಲಕ್ಷ್ಮಿ ಡಬ್ಬ ನೋಡಿದಳು, ಅತ್ತೆಯನ್ನು ನೋಡಿದಳು. “ಗಂಜಿಗಾ?”

“ತಾಯಿ ಹಾಲಲ್ಲಿ ಬೆಣ್ಣೆ ಇರ್ತದಲ್ಲ, ಅದು ಯಾರು ಕೊಡ್ತಾರೆ ಅಂತ... ಕೂಗ್ತಿದ್ವು ಕಣೇ. ತಡ್ಕೊಳಕ್ಕಾಗ್ಲಿಲ್ಲ.”

“ನಾನು ತಡ್ಕೊಂಡೆನಲ್ಲ ಅತ್ತೆ! ನನಗೆ ಕೇಳಿಸ್ತಿರಲಿಲ್ವಾ ಆ ಕೂಗು?” ವರಲಕ್ಷ್ಮಿಯ ಧ್ವನಿ ಬೀದಿಗೆ ಕೇಳುವಷ್ಟು ಏರಿತು. “ಡಾಕ್ಟ್ರ ಮುಂದೆ ನನ್ನಾಣೆ ಅಂದೆ. ನೀವು ಅಲ್ಲೇ ನಿಂತಿದ್ರಿ. ಒಂದು ಮಾತು ನನ್ನ ಕೇಳ್ಬಹುದಿತ್ತು. ಬೈದಾದ್ರೂ ಕೇಳ್ಬಹುದಿತ್ತು. ದಿನಾ ಬೈತೀರಲ್ಲ, ಇದೊಂದಕ್ಕೆ ಯಾಕೆ ಬೈಲಿಲ್ಲ?”

ಚಿಕ್ಕಗಂಗಮ್ಮ ಡಬ್ಬವನ್ನು ಪಕ್ಕಕ್ಕೆ ಸರಿಸಿ ಅವಳ ಮುಂದೆ ಕೂತಳು. “ನಿನ್ನ ಕೈಯಿಂದ ಏನೂ ತಪ್ಪಾಗಿಲ್ಲ. ಅದನ್ನ ಹೇಳಕ್ಕೆ ಬಂದೆ. ನನ್ನ ಮೇಲೆ ಸಿಟ್ಟು ಮಾಡ್ಕೋ, ಬೇಕಾದ್ರೆ ಮಾತೇ ಬಿಡು. ಆದ್ರೆ ಹೋಗ್ಬೇಡ ಕಣೇ. ನೀನಿಲ್ದಿದ್ರೆ ಈ ಮನೇಲಿ ನಂಗೆ ಆಗಲ್ಲ.”

ವರಲಕ್ಷ್ಮಿ ಅಳುತ್ತಾ ಎದ್ದು ಹೋದಳು. ಆದರೆ ಹೋದದ್ದು ಕೊಟ್ಟಿಗೆಗೆ. ಮರಿಗಳ ಬಾನಿಯನ್ನು ಬೂದಿ ಹಾಕಿ ಗಸಗಸ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಸಂಜೆ ಅವಳು ಮತ್ತೆ ಫೋನು ಮಾಡಿ, ಸೋಮವಾರ ಆಗುವುದಿಲ್ಲ, ಸ್ವಲ್ಪ ದಿನ ಕೊಡಿ ಸಾರ್ ಅಂದಳು.

ಮೊದಲು ಬರೀ ಉಪ್ಪು-ಸಕ್ಕರೆ ನೀರು. ಆಮೇಲೆ ತೆಳು ಗಂಜಿ. ಇನ್ನು ಪನೀರ್ ನೀರು ಬೇಕು, ಆದರೆ ವರಲಕ್ಷ್ಮಿ ಮರಿಗಳನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಯಾರೂ ಹೇಳದೆಯೇ ಚಿಕ್ಕಗಂಗಮ್ಮ ಕ್ಯಾನು ಎತ್ತಿಕೊಂಡು ಮಗನ ಆಟೋದಲ್ಲಿ ಕೂತಳು. ಬಿಸಿಲಿಗೆ ಕೆಡದ ಹಾಗೆ ಕ್ಯಾನಿಗೆ ಒದ್ದೆ ಗೋಣಿ ಸುತ್ತಿದಳು. ಬರುವಾಗ ಆಧಾರ್ ತೋರಿಸಿ ಬಸ್ಸು ಹತ್ತಿದರೆ, ಕಂಡಕ್ಟರ್ ಮೂಗು ಮುಚ್ಚಿಕೊಂಡ.

“ಏನಜ್ಜಿ ಇದು? ಮಜ್ಜಿಗೆನಾ?”

“ಪನೀರ್ ನೀರಪ್ಪ.”

“ಇದನ್ನೆಲ್ಲ ಯಾರು ಕುಡೀತಾರೆ?”

“ನನ್ನ ಸೊಸೆ ಮಕ್ಕಳು,” ಅಂದಳು ಚಿಕ್ಕಗಂಗಮ್ಮ. ಕಂಡಕ್ಟರ್ ಅವಳನ್ನು ವಿಚಿತ್ರವಾಗಿ ನೋಡಿ ಮುಂದೆ ಹೋದ.

ಮನೆಯಲ್ಲಿ ವರಲಕ್ಷ್ಮಿ ಮಾತು ಬಿಟ್ಟಿರಲಿಲ್ಲ, ಆದರೆ ಆಡಿದ್ದೆಲ್ಲ ಅಪ್ಪಣೆಯ ಮಾತು. ಇಷ್ಟು ಹಾಕಿ, ಸಾಕು, ಇನ್ನು ಅರ್ಧ ಲೋಟ, ಬಾನಿ ತೊಳೀರಿ. ಹಿಂದಿನ ಚಿಕ್ಕಗಂಗಮ್ಮನಾಗಿದ್ದರೆ ಇಷ್ಟಕ್ಕೆ ಊರು ಒಂದು ಮಾಡುತ್ತಿದ್ದಳು. ಈಗ ಹೇಳಿದ್ದನ್ನು ಮಾಡಿದಳು. ‘ಸಾಕು’ ಅಂದರೆ ನಿಲ್ಲಿಸುವುದು ಅವಳಿಗೆ ಹೊಸ ವಿದ್ಯೆ. ಸೌಟು ತಾನಾಗಿಯೇ ಮತ್ತೆ ತಪ್ಪಲೆಗೆ ಇಳಿಯುತ್ತಿತ್ತು, ಎಳೆದುಕೊಳ್ಳುತ್ತಿದ್ದಳು. ಗಂಡನ ತಟ್ಟೆಯ ಮುಂದೆಯೂ ಹಾಗೇ ನಿಲ್ಲಿಸಿದಾಗ ಮುನಿಯಣ್ಣನಿಗೇ ಗಾಬರಿಯಾಯಿತು.

“ಇನ್ನೊಂಚೂರು ಹಾಕೇ.”

“ಸಾಕು ಅಂದವ್ರೆ.”

“ಯಾರು?”

“ನಮ್ಮ ಯಜಮಾನ್ತಿ,” ಅಂದು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. ಒಳಗಿನಿಂದ ಪಾತ್ರೆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಒಂಬತ್ತೂ ಮರಿಗಳು ಉಳಿದವು. ಮೊದಲು ಬಾಲ ಆಡಿಸಿದವು, ಆಮೇಲೆ ಒಂದನ್ನೊಂದು ತಳ್ಳಿ ಬಾನಿಗೆ ಬಿದ್ದವು, ಕಡೆಗೆ ಬೆನ್ನಿನ ಮೂಳೆ ಮಾಂಸದಲ್ಲಿ ಮುಚ್ಚಿಕೊಂಡಿತು. ಪಂಚಾಕ್ಷರಿ ಡಾಕ್ಟರು ಬಂದು, ಇನ್ನು ಗಂಜಿಗೆ ಹುರಿದ ರಾಗಿಹಿಟ್ಟು ಚೂರು ಚೂರೇ ಸೇರಿಸಬಹುದು ಅಂದರು. ಏನಾಗಿತ್ತು ಅಂತ ವರಲಕ್ಷ್ಮಿ ಅವರಿಗೆ ಹೇಳಲೇ ಇಲ್ಲ. “ಏನೋ ಜಿಡ್ಡು ಸೇರಿಹೋಗಿತ್ತು ಸಾರ್, ನಾವೇ ನೋಡ್ಕೊಂಡಿರಲಿಲ್ಲ,” ಅಂದಳು ಅಷ್ಟೆ. ಕೇಳಿಸಿಕೊಂಡ ಚಿಕ್ಕಗಂಗಮ್ಮ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಳು.

ಒಂದು ಬೆಳಿಗ್ಗೆ ಇಬ್ಬರೂ ಕೊಟ್ಟಿಗೆಯಲ್ಲಿದ್ದರು. ವರಲಕ್ಷ್ಮಿಯ ಎರಡೂ ಕೈ ಮೊಣಕೈವರೆಗೆ ಗಂಜಿಯಲ್ಲಿ, ಗಂಟು ಒಡೆಯುತ್ತಿದ್ದಳು. ಒಂಬತ್ತು ಮರಿಗಳು ಅವಳ ಕಾಲಿಗೆ ಸುತ್ತಿಕೊಂಡು ಕಿರುಚುತ್ತಿದ್ದವು. ಕಿಟಕಿಯ ಮೇಲಿದ್ದ ಫೋನು ಹೊಡೆದುಕೊಂಡಿತು.

“ಯಾರತ್ತೆ?”

“ನಂಗೆಲ್ಲಿ ಓದಕ್ಕೆ ಬತ್ತದೆ? ಅದೇ ಮೀಸೆಯವನ ಫೋಟೋ.”

“ಸೂಪರ್‌ವೈಸರ್ರು. ನೀವೇ ಎತ್ತಿ. ಬರಲ್ಲ ಅಂತ ಹೇಳಿ.”

ಚಿಕ್ಕಗಂಗಮ್ಮ ಕದಲಲಿಲ್ಲ. “ಏನಂತ?”

“ಬರಲ್ಲ ಅಂತ. ಈಗಲ್ಲ, ಆಮೇಲೂ ಅಲ್ಲ. ನನಗೆ ಇಲ್ಲೇ ಕೆಲಸ ಇದೆ ಅನ್ನಿ. ಬೇಗ ಎತ್ತಿ ಅತ್ತೆ, ಗಂಜಿ ಆರೋಗ್ತದೆ.”

ಚಿಕ್ಕಗಂಗಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿದಳು. “ಹಲೋ! ವರಲಕ್ಷ್ಮಿ ಬರಲ್ಲ ಕಣಪ್ಪ. ಯಾವತ್ತೂ ಬರಲ್ಲ. ಅವರು ಹಂದಿ ಸಾಕ್ತಾ ಅವ್ರೆ. ಹೂಂ, ಹಂದಿ! ಪುರಸೊತ್ತಿಲ್ಲ ಅವರಿಗೆ.”

ಆ ಕಡೆಯವನು ಏನೋ ಕೇಳಿದ. ಚಿಕ್ಕಗಂಗಮ್ಮ ಒಂದು ಗಳಿಗೆ ಸೊಸೆಯ ಬಾಗಿದ ಬೆನ್ನನ್ನೇ ನೋಡಿದಳು.

“ನಾನಾ? ನಾನು ಅವರ ಹತ್ರ ಕೆಲ್ಸಕ್ಕಿದೀನಿ.”

“ಅತ್ತೇ!” ವರಲಕ್ಷ್ಮಿ ತಲೆ ಎತ್ತಿದಳು. ಎಷ್ಟೋ ವಾರದ ಮೇಲೆ ಅವಳಿಗೆ ನಗು ಬಂತು, ಬಂದ ನಗು ನಿಲ್ಲಲಿಲ್ಲ. ಗಂಜಿಗೈಯಲ್ಲೇ ಕಣ್ಣು ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಬಳಿದುಕೊಂಡಳು. ಚಿಕ್ಕಗಂಗಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

“ಸುಮ್ನಿರು. ಎಷ್ಟು ಲೋಟ ಹಾಕ್ಲಿ, ಅದು ಹೇಳು,” ಅಂದಳು.